ಭಾವನ ಮೂಗು, ಅಕ್ಕನ ಉಸಿರು

ನಮ್ಮ ಭಾವನ ಮೂಗನ್ನು ನಂಬಿಕೊಂಡು ನಮ್ಮ ಅಕ್ಕ ಉಸಿರಾಡುತ್ತಿದ್ದಳು. ಹೀಗೆ ಒಂದೇ ಮಾತಿನಲ್ಲಿ ಹೇಳಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ, ಗೊತ್ತು. ಅಂಗಡಿಯನ್ನು ಒಮ್ಮೆ ಕಣ್ಣೆದುರು ತಂದುಕೊಂಡರೆ ತಿಳಿದೀತು.

ಕೆಳಗೆ ಒಂದೇ ಉದ್ದನೆಯ ಕೋಣೆ. ಮುಂಬಾಗಿಲ ಹತ್ತಿರ ಅಂಗಿಗಳಿಗೆ ಚಿತ್ರ ಅಚ್ಚು ಹಾಕುವ ಮೇಜು, ಗೋಡೆಗೆ ಒರಗಿಸಿಟ್ಟ ಸ್ಕ್ರೀನುಗಳು, ಅಂದರೆ ಇಂಕು ಸೋಸಿ ಚಿತ್ರ ಇಳಿಸುವ ಜಾಲರಿಯ ಚೌಕಟ್ಟುಗಳು. ನಡುವೆ ಡ್ರೈಯರ್, ಅಂದರೆ ಬಿಸಿ ಪೆಟ್ಟಿಗೆಯೊಳಗೆ ನಿಧಾನವಾಗಿ ಹರಿಯುವ ಒಂದು ಬೆಲ್ಟು. ಈ ಕಡೆ ಒದ್ದೆ ಚಿತ್ರದ ಅಂಗಿ ಇಟ್ಟರೆ ಆ ಕಡೆ ಬೆಂದು ಬರುತ್ತದೆ. ಆ ಕಡೆ ನಿಂತು ಅಂಗಿ ಎತ್ತಿಕೊಳ್ಳುವವಳು ನಾನು. ಡ್ರೈಯರಿನ ನೆತ್ತಿಯಿಂದ ಹೊರಟ ತಗಡಿನ ಪೈಪು ಹಿಂದಿನ ಗೋಡೆ ದಾಟಿ ಓಣಿಗೆ ಬಾಯಿ ತೆರೆಯುತ್ತದೆ. ಹೊಗೆಯನ್ನು ಹೊರಗೆ ತಳ್ಳಲು ಅದರೊಳಗೊಂದು ಫ್ಯಾನಿದೆ. ಮೂಲೆಯಲ್ಲಿ ಮರದ ಮೆಟ್ಟಿಲು, ಅದರ ತುದಿಯಲ್ಲಿ ಒಂದು ಬಾಗಿಲು. ಬಾಗಿಲಾಚೆ ಅಕ್ಕ ಭಾವನ ಮನೆ: ಒಂದು ಕೋಣೆ, ಒಂದು ಅಡಿಗೆಮನೆ, ಬೀದಿಗೊಂದು ಕಿಟಕಿ. ಮನೆಯಿಂದ ಹೊರಗೆ ಹೋಗಬೇಕಾದರೂ ಅಂಗಡಿಯೊಳಗಿಂದಲೇ ಹೋಗಬೇಕು.

ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ. ಭಾವನ ಅಂಗಡಿಯಲ್ಲಿ ಡಿಸ್ಚಾರ್ಜ್ ಇಂಕು. ಈ ಎರಡನ್ನು ಒಂದೇ ಸೂರಿನಡಿ ಇಟ್ಟ ಪುಣ್ಯಾತ್ಮ ಯಾರು ಅಂತ ಕೇಳಬೇಡಿ. ಮದುವೆ ಮಾಡಿಸಿದ್ದು ನಮ್ಮಪ್ಪ, ಅಂಗಡಿ ಹಿಡಿದದ್ದು ಭಾವ.

ಮಾಮೂಲಿ ಇಂಕು ಬಟ್ಟೆಯ ಮೇಲೆ ಕೂರುತ್ತದೆ. ಡಿಸ್ಚಾರ್ಜ್ ಇಂಕು ಹಾಗಲ್ಲ. ಕಪ್ಪು ಬಟ್ಟೆಯ ಬಣ್ಣವನ್ನೇ ತಿಂದುಹಾಕಿ ಆ ಜಾಗದಲ್ಲಿ ತಾನು ಕೂರುತ್ತದೆ. ಕೈಯಾಡಿಸಿದರೆ ಚಿತ್ರ ಇದೆಯೆಂದೇ ತಿಳಿಯುವುದಿಲ್ಲ, ಬರೀ ಬಟ್ಟೆ ಮುಟ್ಟಿದಂತಿರುತ್ತದೆ. ಜನ ಅದಕ್ಕೇ ಇಷ್ಟಪಟ್ಟು ಬರುತ್ತಾರೆ. ಆದರೆ ಈ ತಿನ್ನುವ ಕೆಲಸ ಮಾಡುವುದು ಇಂಕಿಗೆ ಬೆರೆಸುವ ಒಂದು ಬಿಳಿ ಪುಡಿ, ಅದು ಕೆಲಸ ಶುರುಮಾಡುವುದು ಶಾಖ ತಗುಲಿದ ಮೇಲೆ. ಆಗ ಏಳುವ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಕಣ್ಣು ಉರಿಯುತ್ತದೆ, ಗಂಟಲು ಹಿಡಿಯುತ್ತದೆ. ಗಟ್ಟಿಮುಟ್ಟಾದವರು ನಾಲ್ಕು ಸಲ ಕೆಮ್ಮಿ ಸುಮ್ಮನಾಗಬಹುದು, ಉಬ್ಬಸದವರ ಪಾಲಿಗೆ ಅದು ಜೀವಕ್ಕೇ ಸಂಚಕಾರ. ಶಾಖ ಸಾಲದೆ ಹೋದರೆ ಇನ್ನೊಂದು ಪೀಡೆ. ಪುಡಿ ಅಂಗಿಯಲ್ಲೇ ಉಳಿದು ತೊಟ್ಟವರ ಮೈ ಕೆರೆಯುತ್ತದೆ.

ಭಾವ ಇದಕ್ಕೆಲ್ಲ ಕಂಡುಕೊಂಡಿದ್ದ ಉಪಾಯ ತಮ್ಮ ಮೂಗು. ನಾನು ಎತ್ತಿಕೊಟ್ಟ ಅಂಗಿಯನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮುಖಕ್ಕೆ ಒತ್ತಿಕೊಂಡು ಮೂಸುತ್ತಿದ್ದರು. ವಾಸನೆ ಇದ್ದರೆ “ಇನ್ನೊಂದು ಸುತ್ತು” ಅಂತ ಮತ್ತೆ ಬೆಲ್ಟಿಗೆ. ಇಲ್ಲದಿದ್ದರೆ “ಆಯ್ತು, ಮಡಚು.” ಅವರು ಆಯ್ತು ಅಂದ ಅಂಗಿ ಒಂದೂ ವಾಪಸ್ ಬಂದದ್ದಿಲ್ಲ. ಬೀದಿಯವರು ಅವರನ್ನು ಮೂಗುರಾಯರು ಎಂದೇ ಕರೆಯುತ್ತಿದ್ದರು, ಅವರಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಡ್ರೈಯರ್ ಮಾರಿದವನು ಶಾಖ ಅಳೆಯುವ ಗನ್ ಒಂದನ್ನು ಕೊಟ್ಟು ಹೋಗಿದ್ದ. ಅದು ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. “ಅದಕ್ಕೆ ಬ್ಯಾಟರಿ ಬೇಕು ಕಣಮ್ಮ, ನನ್ನ ಮೂಗಿಗೆ ಏನೂ ಬೇಡ” ಅನ್ನುತ್ತಿದ್ದರು.

ಮೊದಲು ಒಂದು ಕಟ್ಟುನಿಟ್ಟು ಇತ್ತು. ಡಿಸ್ಚಾರ್ಜ್ ಕೆಲಸದ ದಿನ ಅಕ್ಕ ಎದುರು ಬದಿಯ ಟೈಲರ್ ಅಂಗಡಿಗೆ ಹೋಗಿ ಕೂರಬೇಕು. ಆ ನಿಯಮವನ್ನು ಸಡಿಲಿಸಿದ್ದೂ ಭಾವನೇ.

“ಈಗೀಗ ವಾಸನೆನೇ ಇಲ್ಲ ಕಣೆ. ಫ್ಯಾನು ಚೆನ್ನಾಗಿ ಎಳೀತಿದೆ. ಯಾರದೋ ಅಂಗಡೀಲಿ ಯಾಕೆ ಕಾಲ ಕಳೀತೀಯ? ಮನೇಲೇ ಇರು. ಒಂಚೂರು ವಾಸನೆ ಬಂದ್ರೂ ನಾನೇ ಮೇಲೆ ಬಂದು ಕರ್ಕೊಂಡು ಹೋಗ್ತೀನಿ.”

ಅಕ್ಕ ಹೂಂ ಅಂದಳು. ನಾನು ಸುಮ್ಮನಿರಲಿಲ್ಲ. ನನಗೆ ವಾಸನೆ ಬರ್ತಿದೆಯಲ್ಲ ಅಂದೆ. “ನಿನ್ನ ಮೂಗಿಗೆ ಅನುಮಾನದ ಕಾಯಿಲೆ” ಅಂತ ನನ್ನ ಬಾಯಿ ಮುಚ್ಚಿಸಿದರು. ಕೆಲಸ ಕಲಿಸಿದವರು, ಮೇಲಾಗಿ ಅಕ್ಕನ ಗಂಡ. ಎಷ್ಟು ಅಂತ ಎದುರು ವಾದಿಸುವುದು?

ಈಗ ಆ ದಿನಕ್ಕೆ ಬರುತ್ತೇನೆ.

ಶಾಲೆಯೊಂದರ ಓಟದ ತಂಡಕ್ಕೆ ಕಪ್ಪು ಅಂಗಿಗಳು. ಸಂಜೆ ಆಟದ ಮೇಷ್ಟ್ರು ಬಂದು ತೆಗೆದುಕೊಂಡು ಹೋಗಬೇಕು. ಮರುದಿನ ಮಕ್ಕಳು ಅದನ್ನೇ ತೊಟ್ಟು ಓಡುವವರಿದ್ದರು. ನನಗೆ ವಿಪರೀತ ನೆಗಡಿ, ಮೂಗು ಪೂರ್ತಿ ಕಟ್ಟಿಹೋಗಿತ್ತು. ಬೆಳಿಗ್ಗೆ ಇಂಕಿನ ಕಪಾಟಿನ ಕೀಲಿ ಕೇಳಲು ಮೇಲೆ ಹೋದೆ. ಭಾವ ಒಲೆಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಫೋನ್ ನೋಡುತ್ತಿದ್ದರು. ಅವರ ಮೊಣಕೈ ಹತ್ತಿರ ಹಾಲಿನ ಪಾತ್ರೆ ತಳ ಹಿಡಿದು, ಸೀದು, ಕರಕಲಾಗಿ ಹೊಗೆಯಾಡುತ್ತಿತ್ತು. ನನ್ನ ಕಟ್ಟಿದ ಮೂಗಿಗೆ ತಿಳಿಯಲಿಲ್ಲ, ಕಣ್ಣಿಗೆ ಕಂಡಿತು. ಮೂಗುರಾಯರಿಗೆ ಏನಾಗಿತ್ತು?

“ಭಾವ, ಹಾಲು!” ಎಂದು ಕಿರುಚಿದೆ.

ಭಾವ ಗಡಬಡಿಸಿ ಒಲೆ ಆರಿಸಿದರು. ಸ್ನಾನ ಮುಗಿಸಿ ಬಂದ ಅಕ್ಕ ಪಾತ್ರೆ ನೋಡಿದಳು, ಗಂಡನನ್ನು ನೋಡಿದಳು. “ನಂದೇ ತಪ್ಪು, ಉರಿ ಜೋರು ಮಾಡಿ ಹೋಗಿದ್ದೆ” ಅಂದಳು. ಹೆಂಡತಿ ಇಟ್ಟ ಉರಿ ಜೋರಾದರೆ ಗಂಡನ ಮೂಗು ಯಾಕೆ ಕೆಲಸ ಮಾಡುವುದಿಲ್ಲ ಅಂತ ನನಗೆ ಅರ್ಥವಾಗಲಿಲ್ಲ. ಕೀಲಿ ತೆಗೆದುಕೊಂಡು ಕೆಳಗಿಳಿದೆ. ಆದರೆ ಮನಸ್ಸಿನಲ್ಲಿ ಹುಳ ಹೊಕ್ಕಾಗಿತ್ತು.

ಕೆಲಸ ಶುರುವಾಯಿತು. ಭಾವ ಪುಡಿ ತೂಗಿ ಇಂಕಿಗೆ ಬೆರೆಸಿದರು, ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ತಿರುಪಿದರು. ಗಾಳಿಯಾಡಿದರೆ ಸ್ಕ್ರೀನಿನಲ್ಲೇ ಇಂಕು ಒಣಗುತ್ತದೆ ಎಂದು ಮುಂಬಾಗಿಲನ್ನೂ ಎಳೆದುಕೊಂಡರು. ಫ್ಯಾನು ಗುಂಯ್ ಎನ್ನುತ್ತಿತ್ತು. ಅಂಗಿಗಳು ಒಂದರ ಹಿಂದೊಂದು ಬರತೊಡಗಿದವು. ಭಾವ ಮೂಸುವುದು, ಆಯ್ತು ಅನ್ನುವುದು, ನಾನು ಮಡಚುವುದು. ಅಂದು ಒಂದಕ್ಕೂ ಇನ್ನೊಂದು ಸುತ್ತು ಅನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಲ್ಲಿ ಧಾರಾಕಾರ ನೀರು. ನೆಗಡಿ ಅಂದುಕೊಂಡೆ. ಭಾವನ ಕಣ್ಣೂ ಕೆಂಪಗಾಗಿತ್ತು, ರಾತ್ರಿ ನಿದ್ದೆಯಿಲ್ಲ ಅಂದರು. ಮೇಲಿನಿಂದ ಅಕ್ಕನ ಕೆಮ್ಮು ಒಂದೆರಡು ಸಲ ಕೇಳಿಸಿತು.

“ಭಾವ, ವಾಸನೆ ಏನಾದ್ರೂ ಇದೆಯಾ? ನನಗಂತೂ ಏನೂ ತಿಳೀತಿಲ್ಲ.”

ಭಾವ ಗಾಳಿಯನ್ನು ಒಮ್ಮೆ ಮೂಸಿದರು. “ಏನಿಲ್ಲ. ನಿನ್ನ ಕೆಲಸ ನೋಡು.”

ಸೀದ ಹಾಲು ಕಣ್ಣ ಮುಂದೆ ಬಂತು. ಸ್ಕ್ರೀನ್ ಒರೆಸುವ ಸೀಮೆಎಣ್ಣೆಯ ಬಟ್ಟೆ ಅಂಗಡಿಯ ಹೊರಗೆ ಡಬ್ಬಿಯಲ್ಲಿರುತ್ತದೆ. ಬೆಂಕಿಗೆ ಹೆದರಿ ಅದನ್ನು ಒಳಗೆ ತರುವುದಿಲ್ಲ. ತಣ್ಣಗಾದ ಅಂಗಿಯೊಂದನ್ನು ಹಿಡಿದು ಹೊರಗೆ ಹೋದೆ, ಆ ಬಟ್ಟೆಯನ್ನು ಅದರೊಳಗೆ ಸುತ್ತಿದೆ. ಕಟ್ಟಿದ್ದ ನನ್ನ ಮೂಗಿಗೇ ಅದರ ಘಾಟು ತಟ್ಟಿತು.

“ಭಾವ, ಒಂದ್ನಿಮಿಷ ಹೊರಗೆ ಬನ್ನಿ. ಇದೊಂದು ನೋಡಿ ಹೇಳಿ.”

ಭಾವ ಹೊಸಿಲಾಚೆ ಬಂದರು. ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮುಖಕ್ಕೆ ಒತ್ತಿಕೊಂಡು ಉಸಿರೆಳೆದರು. “ಆಯ್ತು, ಮಡಚು” ಅಂದರು.

ನಾನು ಅಂಗಿಯನ್ನು ಕೊಡವಿದೆ. ಸೀಮೆಎಣ್ಣೆಯ ಬಟ್ಟೆ ಅವರ ಕಾಲ ಬಳಿ ಬಿತ್ತು. ಅದನ್ನೇ ನೋಡುತ್ತ ನಿಂತರು. ಅದು ಬೆಚ್ಚಿಬಿದ್ದವರ ಮುಖವಾಗಿರಲಿಲ್ಲ, ಸಿಕ್ಕಿಬಿದ್ದವರ ಮುಖವಾಗಿತ್ತು. ಅಂದರೆ ಇವರಿಗೆ ಗೊತ್ತಿತ್ತು!

“ಯಾವಾಗಿಂದ ಭಾವ?”

“ಮೆಲ್ಲಗೆ ಮಾತಾಡು. ನಿಮ್ಮಕ್ಕನಿಗೆ ಕೇಳ್ಸುತ್ತೆ.”

“ಕೇಳ್ಲಿ! ಅವಳು ಮೇಲೆ ಕೂತಿರೋದೇ ನಿಮ್ಮ ಮೂಗು ನಂಬ್ಕೊಂಡು!”

“ಫ್ಯಾನು ಓಡ್ತಿದೆಯಲ್ಲಮ್ಮ. ಸದ್ದು ಕೇಳಿಸ್ತಿಲ್ವಾ? ಹೊಗೆ ಹೊರಗೆ ಹೋಗ್ತಾನೇ ಇದೆ. ಮೂಗು ಇದ್ರೇನು, ಬಿಟ್ರೇನು?”

ಫ್ಯಾನಿನ ಸದ್ದು ನಿಜಕ್ಕೂ ಕೇಳಿಸುತ್ತಿತ್ತು. ಆದರೆ ಇನ್ನೊಂದು ಸದ್ದು ಕೇಳಿಸುತ್ತಿರಲಿಲ್ಲ, ಅದು ನನಗೆ ಆಗಲೇ ಹೊಳೆದದ್ದು. ಹಿಂದಿನ ಓಣಿಯ ಮನೆಯಾಕೆಯ ಬೈಗುಳ. ಪೈಪಿನ ಬಾಯಿ ಇರುವುದು ಆಕೆಯ ಅಡಿಗೆಮನೆಯ ಕಿಟಕಿಗೆ ಎದುರಾಗಿ. ಡಿಸ್ಚಾರ್ಜ್ ಕೆಲಸ ಹಿಡಿದು ಮೊದಲ ಅಂಗಿ ಬೇಯುವಷ್ಟರಲ್ಲಿ ಆಕೆ ನಮ್ಮ ವಂಶವನ್ನೆಲ್ಲ ಉದ್ಧಾರ ಮಾಡಿರುತ್ತಾಳೆ. ಹೋದ ಸಲವಂತೂ ದೂರು ಕೊಡುತ್ತೇನೆ ಅಂತ ಬಾಗಿಲಿಗೇ ಬಂದಿದ್ದಳು. ಇವತ್ತು ಬೆಳಿಗ್ಗೆಯಿಂದ ತುಟಿಪಿಟಕ್ ಅಂದಿರಲಿಲ್ಲ.

“ಹಿಂದಿನ ಮನೆಯಾಕೆ ಯಾಕೆ ಕೂಗ್ತಿಲ್ಲ ಭಾವ?”

ಆ ಮುಖದಲ್ಲೂ ಒಂದು ಗಳಿಗೆ ಹೆಮ್ಮೆ ಮೂಡಿತು. “ಅದಕ್ಕೆ ಮೊನ್ನೆನೇ ವ್ಯವಸ್ಥೆ ಮಾಡಿದೀನಿ. ಪೈಪಿನ ಬಾಯಿಗೆ ದಪ್ಪ ಬಟ್ಟೆ ಮಡಚಿ ಕಟ್ಟಿದೀನಿ. ಹೊಗೆ ಸೋಸಿ ಹೋಗ್ಲಿ ಅಂತ. ವಾಸನೆ ನಿಂತಿದೆ ನೋಡು, ಅದಕ್ಕೇ ಸುಮ್ನಿದಾಳೆ.”

ಮೂಗಿರುವ ಯಾರೂ ಇಂಥ ಕೆಲಸ ಮಾಡಲಾರರು. ಬಟ್ಟೆ ಕಟ್ಟಿದ ಮರುಗಳಿಗೆಯೇ ಅಂಗಡಿಯೊಳಗಿನ ನಾತ ಅವರಿಗೆ ಬುದ್ಧಿ ಹೇಳುತ್ತಿತ್ತು. ಅಂಗಿಗಳ ನೂಲು, ಜುಂಗು, ಇಂಕಿನ ಹಬೆ ಎಲ್ಲ ಸೇರಿ ಆ ಬಟ್ಟೆ ಈ ಹೊತ್ತಿಗೆ ಬಿರಡೆಯಾಗಿರಬೇಕು. ಫ್ಯಾನು ಬರೀ ಸುತ್ತುತ್ತಿದೆ. ಹೊಗೆ ಇಲ್ಲೇ ಇದೆ, ಮುಂಬಾಗಿಲು ಮುಚ್ಚಿದೆ, ಮೇಲೇರಲು ಇರುವುದು ಮೆಟ್ಟಿಲ ದಾರಿಯೊಂದೇ.

“ಹೊಗೆ ಹೊರಗೆ ಹೋಗ್ತಾನೇ ಇಲ್ಲ ಭಾವ. ಒಳಗೇ ಇದೆ.”

ಭಾವ ನನ್ನನ್ನು ನೋಡಿದರು. ಇಬ್ಬರೂ ಒಟ್ಟಿಗೆ ಮೇಲೆ ನೋಡಿದೆವು. ಅಕ್ಕನ ಕೆಮ್ಮು ನಿಂತುಹೋಗಿತ್ತು.

ಉಬ್ಬಸದವರ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಕೆಮ್ಮಿಗೆ ಹೆದರಬೇಕಾಗಿಲ್ಲ. ಕೆಮ್ಮಲೂ ಉಸಿರಿಲ್ಲದಾಗ ಹೆದರಬೇಕು.

ಮುಂಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತಳ್ಳಿದೆ. ಭಾವ ಒಳಗೆ ಹಾರಿ ಡ್ರೈಯರಿನ ಶಾಖ ಆರಿಸಿದರು. ಬೆಲ್ಟನ್ನೂ ನಿಲ್ಲಿಸಿದರೆ ಒಳಗಿರುವ ಅಂಗಿ ಹೊತ್ತಿಕೊಳ್ಳುತ್ತದೆಂದು ಅದನ್ನು ಓಡಲು ಬಿಟ್ಟರು. ಆ ಗಾಬರಿಯಲ್ಲೂ ಅವರ ಕೈ ತಪ್ಪಲಿಲ್ಲ, ಅದನ್ನು ಒಪ್ಪಬೇಕು. “ನೀವು ಮೇಲೆ ಹೋಗಿ!” ಎಂದು ಕೂಗಿ ನಾನು ಹಿಂದಿನ ಓಣಿಗೆ ಓಡಿದೆ.

ಪೈಪಿನ ಬಾಯಲ್ಲಿ ಬಟ್ಟೆ ಒದ್ದೆಯಾಗಿ, ಕಪ್ಪು ಜುಂಗು ಮೆತ್ತಿಕೊಂಡು, ಊದಿ ಕೂತಿತ್ತು. ಹಗ್ಗದ ಗಂಟು ಬಿಚ್ಚಲು ಬರಲಿಲ್ಲ. ಭಾವ ಏನು ಕಟ್ಟಿದರೂ ಜನ್ಮಕ್ಕೆ ಬಿಚ್ಚದ ಹಾಗೆ ಕಟ್ಟುವವರು. ಕಲ್ಲಿನ ಮೇಲೆ ಹತ್ತಿ ಎರಡೂ ಕೈಯಿಂದ ಜಗ್ಗಿದೆ. ಉಗುರು ಕಿತ್ತು ರಕ್ತ ಬಂತು. ಕೊನೆಗೆ ಬಟ್ಟೆ ಹರಿದು ಬಂದಾಗ ಬಿಸಿ ಹೊಗೆ ಬುಸ್ಸೆಂದು ಮುಖಕ್ಕೆ ಹೊಡೆಯಿತು. ಎದುರಿನ ಕಿಟಕಿ ಧಡಾರೆಂದು ತೆರೆಯಿತು.

“ಮತ್ತೆ ಶುರು ಮಾಡಿದ್ರಾ? ನಿಮಗೆ ಮನುಷ್ಯತ್ವ ಅನ್ನೋದು ಇದೆಯೇನ್ರಮ್ಮಾ?”

ಬೈಸಿಕೊಂಡು ಅಷ್ಟು ಸಮಾಧಾನ ನನಗೆ ಹಿಂದೆಂದೂ ಆಗಿರಲಿಲ್ಲ. “ಹಾಗೇ ಬಯ್ತಾ ಇರಿ, ನಿಲ್ಲಿಸ್ಬೇಡಿ!” ಎಂದು ಕೂಗುತ್ತ ವಾಪಸ್ ಓಡಿದೆ.

ಮೇಲೆ ಭಾವ ಭುಜ ಕೊಟ್ಟು ಬಾಗಿಲು ನೂಕುತ್ತಿದ್ದರು. ಚಿಲಕ ಹಾಕಿರಲಿಲ್ಲ, ಕೆಳಗೆ ಏನೋ ಸಿಕ್ಕಿಕೊಂಡಿತ್ತು. ಇಬ್ಬರೂ ಸೇರಿ ನೂಕಿದೆವು. ಬಾಗಿಲ ಸಂದಿಗೆ ಒತ್ತಿಟ್ಟಿದ್ದ ಒದ್ದೆ ಟವೆಲು ಹಿಂದೆ ಸರಿಯಿತು.

ಅಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಉಬ್ಬಸದ ಪಂಪು ಖಾಲಿಯಾಗಿ ಪಕ್ಕದಲ್ಲಿ ಬಿದ್ದಿತ್ತು. ಬೀದಿಯ ಕಿಟಕಿ ಒಂದು ಬೆರಳಿನಷ್ಟು ಮಾತ್ರ ತೆರೆದಿತ್ತು. ಮುಖವನ್ನು ದಿಂಬಿಗೆ ಒತ್ತಿ ಹಿಡಿದುಕೊಂಡಿದ್ದಳು. ಭಾವ ದಿಂಬು ಕಿತ್ತರು. ತುಟಿ ನೀಲಿಯಾಗಿತ್ತು. ಭುಜ ಏಳುತ್ತಿತ್ತು, ಬೀಳುತ್ತಿತ್ತು, ಉಸಿರು ಮಾತ್ರ ಒಳಗೆ ಹೋಗುತ್ತಿರಲಿಲ್ಲ.

ಭಾವ ಒದ್ದೆ ಟವೆಲನ್ನು ಅವಳ ಮುಖಕ್ಕೆ ಮುಚ್ಚಿ, ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದರು. ಬೆಲ್ಟಿನ ಕೊನೆಯಿಂದ ಅಂಗಿಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು. ಅವನ್ನೇ ತುಳಿದುಕೊಂಡು ಬೀದಿಗೆ ಬಂದರು. ನನ್ನ ಕೂಗಿಗೆ ಟೈಲರ್ ಆಗಲೇ ತನ್ನ ವ್ಯಾನು ತಂದು ನಿಲ್ಲಿಸಿದ್ದ.

ಆಸ್ಪತ್ರೆಯಲ್ಲಿ ಅಕ್ಕನ ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಬಿಟ್ಟರು, ಕೈಗೆ ಸೂಜಿ ಚುಚ್ಚಿದರು. ಅವಳ ಎದೆಯಿಂದ ಮೊದಲ ಸಿಳ್ಳೆ ಸದ್ದು ಹೊರಡುವವರೆಗೆ ನಾನು ಗೋಡೆ ಹಿಡಿದುಕೊಂಡೇ ನಿಂತಿದ್ದೆ. ಭಾವ ಮಂಚದ ಕಾಲ ಬಳಿ ನಿಂತಿದ್ದರು. ಕೈಯಲ್ಲಿ ಇನ್ನೂ ಇಂಕು.

ಅಕ್ಕ ಉಸಿರಲ್ಲಿ ಏನು ಎಳೆದುಕೊಂಡಳು ಎಂದು ಡಾಕ್ಟರು ಕೇಳಿದಾಗ ಭಾವ ಎಲ್ಲವನ್ನೂ ಬಿಡಿಸಿ ಹೇಳಿದರು. ಪುಡಿ, ಶಾಖ, ಹೊಗೆ, ಪೈಪಿಗೆ ಕಟ್ಟಿದ ಬಟ್ಟೆ. ಏನನ್ನೂ ಮುಚ್ಚಿಡಲಿಲ್ಲ.

“ಅಷ್ಟು ಹೊಗೆ ತುಂಬ್ಕೊಂಡಿದ್ರೆ ಕೆಟ್ಟ ವಾಸನೆ ಬಂದಿರ್ಬೇಕಲ್ವಾ? ಆಗ್ಲೇ ಇವರನ್ನ ಹೊರಗೆ ಕರ್ಕೊಂಡು ಬರ್ಬೇಕಿತ್ತು” ಅಂದರು ಡಾಕ್ಟರು.

ಭಾವ ಅಕ್ಕನ ಕಡೆ ನೋಡಲಿಲ್ಲ. “ನನಗೆ ವಾಸನೆ ಬರಲ್ಲ ಡಾಕ್ಟ್ರೇ. ಬಹಳ ದಿನದಿಂದ ಬರಲ್ಲ. ಯಾರಿಗೂ ಹೇಳಿಲ್ಲ. ಹೇಳಿದ್ರೆ ನನ್ನ ಅಂಗೀನ ಯಾರು ನಂಬ್ತಾರೆ ಅಂತ...”

ಅಕ್ಕ ಸೂಜಿಯಿರುವ ಕೈಯಿಂದ ಮಾಸ್ಕನ್ನು ಒಂದಿಷ್ಟು ಸರಿಸಿದಳು.

“ಗೊತ್ತು.”

ಭಾವ ಅವಳ ಕಡೆ ತಿರುಗಿದರು. “ಏನು ಗೊತ್ತು?”

“ಸೋಪು ಬದಲಾಯಿಸ್ದೆ, ನೀವು ಕೇಳ್ಲಿಲ್ಲ. ತಲೆಗೆ ಹಾಕೋ ಎಣ್ಣೆ ಬದಲಾಯಿಸ್ದೆ, ಆಗ್ಲೂ ಕೇಳ್ಲಿಲ್ಲ. ನೀವು ಕೇಳ್ದೆ ಇರೋರಲ್ಲ.”

ನನ್ನ ಸಿಟ್ಟು ಕಟ್ಟೆಯೊಡೆಯಿತು. ಆಸ್ಪತ್ರೆ ಅನ್ನುವುದೂ ಮರೆತುಹೋಯಿತು. “ಗೊತ್ತಿದ್ದೂ ಮೇಲೆ ಕೂತಿದ್ಯಾ? ಬಾಗಿಲಿಗೆ ಟವೆಲ್ ತುರುಕ್ಕೊಂಡು? ಕಿಟಕಿ ಪೂರ್ತಿ ತೆಗೆಯೋಕೆ ನಿನಗೇನು ದಾಡಿ?”

“ತೆಗೆದ್ರೆ ಕೆಮ್ಮು ಕೆಳಗಿನ ಬಾಗಿಲಿಗೆ ಕೇಳ್ಸುತ್ತೆ ಕಣೆ. ನಾನು ಟೈಲರ್ ಅಂಗಡಿಗೆ ಎದ್ದು ಹೋದ್ರೆ ಇವರಿಗೆ ತಿಳಿದ್ಬಿಡುತ್ತೆ, ನನಗೆ ಗೊತ್ತಾಗಿದೆ ಅಂತ. ನಾನೇ ನಂಬ್ತಿಲ್ಲ ಅಂದ್ರೆ ಇವರು ಮತ್ತೆ ಅಂಗಿ ಮುಟ್ಟೋರೇ ಅಲ್ಲ.”

ಆ ದಿಂಬು ಯಾಕೆ ಅನ್ನುವುದು ನನಗೂ ಭಾವನಿಗೂ ಒಟ್ಟಿಗೆ ಅರ್ಥವಾಯಿತು. ಕೆಮ್ಮನ್ನು ಅದರೊಳಗೆ ಒತ್ತಿ ಒತ್ತಿ ಕೂತಿದ್ದಳು, ಕೆಳಗಿರುವ ಗಂಡನಿಗೆ ಕೇಳಿಸಬಾರದೆಂದು. ಗಂಡ ಮರ್ಯಾದೆ ಹೋಗುತ್ತದೆಂದು ಮೂಗಿನ ಸಂಗತಿ ಮುಚ್ಚಿಟ್ಟ, ಹೆಂಡತಿ ಅವನ ಮರ್ಯಾದೆ ಕಾಯಲು ಉಸಿರನ್ನೇ ಮುಚ್ಚಿಟ್ಟಳು. ಇಬ್ಬರ ಕೆನ್ನೆಗೂ ಬಾರಿಸಬೇಕು ಅನ್ನಿಸಿತು.

ಭಾವ ಹೊರಗಿನ ಹಾದಿಗೆ ಹೋಗಿ ಫೋನ್ ತೆಗೆದರು. ಬಾಗಿಲು ತೆರೆದೇ ಇತ್ತು, ನಮಗೆಲ್ಲ ಕೇಳಿಸುತ್ತಿತ್ತು.

“ಮೇಷ್ಟ್ರೇ, ಇವತ್ತು ಅಂಗಿ ಕೊಡೋಕಾಗಲ್ಲ. ನಾಳೆ ಮಕ್ಕಳು ಹಳೇದ್ರಲ್ಲೇ ಓಡ್ಲಿ. ಈ ಮುಂಚೆ ಕೊಟ್ಟಿರೋ ಅಂಗಿ ಇದ್ರೆ ಒಗೀದೆ ಯಾರಿಗೂ ಹಾಕಿಸ್ಬೇಡಿ. ಶಾಖ ಸಾಕಾಗಿದೆಯೋ ಇಲ್ವೋ ನನಗೆ ಗೊತ್ತಿಲ್ಲ. ಮೂಸಿ ನೋಡಿ ಕೊಟ್ಟೆ, ನನಗೆ ವಾಸನೆನೇ ಬರಲ್ಲ. ಹೌದು, ನನಗೇ. ಮೂಗುರಾಯರಿಗೇ.”

ಆ ಕಡೆಯಿಂದ ಏನೋ ಜೋರಾಗಿ ಬಂತು. ಭಾವ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ನನ್ನ ಭಾವನ ಬಗ್ಗೆ ಆ ದಿನ ನನಗೆ ಗೌರವ ಹುಟ್ಟಿದ್ದರೆ ಅದು ಆ ಗಳಿಗೆಯಲ್ಲಿ.

ಅಕ್ಕ ನನ್ನ ಮನೆಯಲ್ಲಿ ಇದ್ದು ಸುಧಾರಿಸಿಕೊಂಡಳು. ಅಷ್ಟರಲ್ಲಿ ಭಾವ ಅಂಗಡಿಯನ್ನು ತಲೆಕೆಳಗು ಮಾಡಿದ್ದರು. ಪೈಪನ್ನು ಓಣಿಯಿಂದ ಕಿತ್ತು ಹೊರಗೋಡೆಯ ಮೇಲೆ ಸೂರು ದಾಟುವವರೆಗೆ ಏರಿಸಿದ್ದರು. ದೊಡ್ಡ ಫ್ಯಾನು ಹಾಕಿಸಿ, ಪೈಪಿನ ತುದಿಗೆ ಕೆಂಪು ಪಟ್ಟಿಯೊಂದನ್ನು ಕಟ್ಟಿದ್ದರು. ಅದು ಪಟಪಟ ಹಾರುತ್ತಿದ್ದರೆ ಮಾತ್ರ ಕೆಲಸ, ಜೋತುಬಿದ್ದರೆ ಡ್ರೈಯರ್ ಬಂದ್. ಒಳಗಿನ ಗಾಳಿ ಹೊರಗೆ ಹೋಗಬೇಕಾದರೆ ಹೊರಗಿನದು ಒಳಗೆ ಬರಬೇಕಲ್ಲ, ಹಾಗಾಗಿ ಮುಂಬಾಗಿಲು ಸದಾ ತೆರೆದಿರುತ್ತದೆ. ಸ್ಕ್ರೀನ್ ಒಣಗಿದರೆ ನೀರು ಚಿಮುಕಿಸಿಕೊಳ್ಳುವುದು. ಮೊಳೆಯ ಮೇಲಿದ್ದ ಗನ್ ಈಗ ನನ್ನ ಕೈಯಲ್ಲಿದೆ. ಅಂಗಿ ಡ್ರೈಯರಿನ ಬಾಯಿಗೆ ಬರುವಾಗಲೇ ಇಂಕಿನ ಮೇಲೆ ಹಿಡಿದು ನೋಡುತ್ತೇನೆ. ಕಡಿಮೆ ತೋರಿಸಿದರೆ ಬೆಲ್ಟು ನಿಧಾನ ಮಾಡುತ್ತೇನೆ. ಒಂದು ಸಾರಿ ಒಗೆಯದೆ ಯಾವ ಅಂಗಿಯೂ ಅಂಗಡಿ ದಾಟುವುದಿಲ್ಲ. ಇಬ್ಬರಿಗೂ ಅನಿಲ ತಡೆಯುವ ಮಾಸ್ಕ್. ಹಿಂದಿನ ಮನೆಯಾಕೆಗೆ ಭಾವ ತಾವೇ ಹೋಗಿ ಕೈಮುಗಿದು, ಏನಾದರೂ ವಾಸನೆ ಬಂದರೆ ದಯವಿಟ್ಟು ಕೂಗಿ ಅಂತ ಕೇಳಿಕೊಂಡು ಬಂದರು. ಆಕೆಗೆ ಈ ಕೆಲಸವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಿರಾಕಿಗಳು ಕೆಲವರು ಬಿಟ್ಟುಹೋದರು. ಆಟದ ಮೇಷ್ಟ್ರು ಮತ್ತೆ ಬರಲಿಲ್ಲ. ಭಾವ ಅದಕ್ಕೆ ಯಾರನ್ನೂ ದೂರಲಿಲ್ಲ, ಹೊಸಬರು ಬಂದರೆ ಮೊದಲೇ ಹೇಳಿಬಿಡುತ್ತಾರೆ, ನನಗೆ ವಾಸನೆ ತಿಳಿಯಲ್ಲ, ನಮ್ಮ ನಾದಿನಿ ಅಳತೆ ಮಾಡಿ ಕೊಡ್ತಾಳೆ ಅಂತ.

ಅಕ್ಕನನ್ನು ನಾನೇ ವಾಪಸ್ ಕರೆತಂದೆ. ಅಂದು ಡ್ರೈಯರ್ ತಣ್ಣಗಿತ್ತು. ಡಿಸ್ಚಾರ್ಜ್ ಕೆಲಸದ ದಿನ ಬೆಳಿಗ್ಗೆಯೇ ಟೈಲರ್ ಅಂಗಡಿಗೆ ಹೋಗಬೇಕು, ಅದರಲ್ಲಿ ಮಾತಿಲ್ಲ ಎಂದು ಭಾವ ಹೇಳಿದರು. ಅಕ್ಕ ಹೂಂ ಅಂದು ಮೆಟ್ಟಿಲು ಹತ್ತತೊಡಗಿದಳು. ಅರ್ಧ ಹತ್ತಿದ್ದಳೋ ಇಲ್ಲವೋ, ಭಾವ ಕೆಳಗಿನಿಂದ ಕರೆದರು.

“ಇನ್ನೊಂದು ಮಾತು ಕಣೆ.”

“ಏನ್ರೀ?”

“ಕೆಮ್ಮು ಬಂದ್ರೆ ಜೋರಾಗಿ ಕೆಮ್ಮು. ನನ್ನ ಕಿವಿ ಇನ್ನೂ ಚೆನ್ನಾಗಿದೆ.”

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು, ಬಾಯಿಗೆ ಕೈ ಅಡ್ಡ ಹಿಡಿಯದೆ, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.